ನಮ್ಮೂರ ಗಾಯರಾಣಕ್ಕೂ ರೊಕ್ಕ ಬೇಕು

ನಮ್ಮೂರು ಗಂಗಾವತಿ ತಾಲ್ಲೂಕಿನ ಒಣಬೇಸಾಯದ ಕಡೆಯದು. ಊರ ಆಚೆ ಗಾಯರಾಣ ಇದೆ. ಬೆಂಗಳೂರು ಕಡೆಯವರು ಗೋಮಾಳ ಅಂತಾರಲ್ಲ, ಅದೇ. ಸಾಲಿ ಬಿಟ್ಟ ಮೇಲೆ ನಾನು ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹೋಗುತ್ತಿದ್ದದ್ದು ಅಲ್ಲಿಗೇ. ಕವಳಿಹಣ್ಣು ತಿಂದು ನಾಲಿಗೆ ಕಪ್ಪಾಗುತ್ತಿತ್ತು. ದೂರದಲ್ಲಿ ತೋಳ ಕಂಡರೆ ಅಪ್ಪ ಜೋರಾಗಿ ಕೂಗು ಹಾಕುತ್ತಿದ್ದ. ಆದರೆ ಕಲ್ಲೆಸೆಯಲು ನಮ್ಮನ್ನು ಬಿಡುತ್ತಿರಲಿಲ್ಲ.

ಹೋದ ತಿಂಗಳ ಗ್ರಾಮಸಭೆಯಲ್ಲಿ ಒಬ್ಬರು ಎದ್ದು, "ಅಲ್ಲೇನೈತ್ರಿ, ಸುಮ್ನ ಖಾಲಿ ಬಿದ್ದೈತಿ, ಸೈಟ್ ಮಾಡ್ರಿ" ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಅದು ಖಾಲಿ ಇಲ್ಲ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಬಿಡಬೇಕು ಅಂತ ಭೂಕಂದಾಯ ನಿಯಮದಲ್ಲೇ ಇದೆ. ನಮ್ಮೂರ ಪಹಣಿಯಲ್ಲಿ 42 ಎಕರೆ. ಫೋನಿನಲ್ಲಿ ಸುತ್ತಳತೆ ಹಾಕಿ ನೋಡಿದರೆ 30 ಕೂಡ ಸಿಗಲಿಲ್ಲ. ಯಾರೂ ಒಂದೇ ರಾತ್ರಿಯಲ್ಲಿ ನುಂಗಿದ್ದಲ್ಲ. ಬಿತ್ತುವಾಗ ವರ್ಷಕ್ಕೊಂದು ಸಾಲು ಒಳಗೆ ಬಂದಿದ್ದಾರೆ, ಅಷ್ಟೇ.

ಇಂಥ ಊರೊಟ್ಟಿನ ಜಾಗದ ಒತ್ತುವರಿ ತೆಗೆಸಿ ಊರಿಗೆ ಮರಳಿಸಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದೇಶ ಇದ್ದರೆ ಸಾಕಾ? ಹದ್ದುಬಸ್ತು, ಅಂದರೆ ಅಳತೆ ಮಾಡಿ ಗಡಿ ಗುರುತಿಸುವುದು, ಆಗಬೇಕು, ಕಲ್ಲು ನೆಡಬೇಕು, ಕುರಿ ಹೋಗುವ ದಾರಿ ಬಿಟ್ಟು ಸುತ್ತ ಕಂದಕ ತೋಡಬೇಕು. ಎಲ್ಲಕ್ಕಿಂತ ಜಾಸ್ತಿ ಖರ್ಚು ಬಳ್ಳಾರಿ ಜಾಲಿಯದು. ಕಡಿದರೆ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಲು ಜೆಸಿಬಿಯೇ ಬೇಕು. ಅದು ಹಬ್ಬಿದಲ್ಲಿ ಹುಲ್ಲು ಏಳುವುದಿಲ್ಲ. ದಯವಿಟ್ಟು ಅಲ್ಲಿ ಸಸಿ ನೆಡಲೂ ಬರಬೇಡಿ. ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಇರಲಿ. ತೋಳ, ನರಿ, ಗೌಜಲಹಕ್ಕಿ ಬದುಕುವುದು ಬಯಲಲ್ಲಿ.

ನಮ್ಮ ತಾಲ್ಲೂಕಿನ ಬಂಕಾಪುರದಲ್ಲೇ ಸುಮಾರು 332 ಎಕರೆ ಬಯಲನ್ನು ತೋಳಗಳಿಗಾಗಿ ವನ್ಯಧಾಮ ಮಾಡಿದ್ದಾರೆ. ಅಂದಮೇಲೆ ಬಯಲು ಉಳಿಸಲು ಸರಕಾರಕ್ಕೆ ಮನಸ್ಸಿದೆ ಅಂತಾಯಿತಲ್ವಾ? ಕಲ್ಯಾಣ ಕರ್ನಾಟಕದ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್‌ನಲ್ಲಿ ಇಟ್ಟಿದ್ದಾರೆ. ರಸ್ತೆ ಆಗಲಿ, ಸಾಲಿ ಕೋಣೆ ಆಗಲಿ, ನಮಗೆ ಅವೆಲ್ಲ ಬೇಕೇ ಬೇಕು. ಆದರೆ ಕಟ್ಟಿದ್ದಕ್ಕೆ ಮಾತ್ರ ಬಿಲ್ಲು ಆಗುತ್ತದೆ, ಕಟ್ಟದೆ ಉಳಿಸಿಕೊಂಡದ್ದಕ್ಕೆ ಆಗುವುದಿಲ್ಲ. ಇದು ಬದಲಾಗಬೇಕು. ಊರೂರ ಗಾಯರಾಣದ ಹೆಸರಲ್ಲಿ ಒಂದು ಪಾಲು ತೆಗೆದಿಡಬೇಕು. ಕಾಯುವ ಒಬ್ಬ ಕುರುಬನಿಗೆ ತಿಂಗಳ ಪಗಾರವೂ ಅದರಲ್ಲೇ ಬರಬೇಕು.

ಅವತ್ತು ಗ್ರಾಮಸಭೆಯ ಠರಾವಿನಲ್ಲಿ ಹದ್ದುಬಸ್ತು ಆಗಬೇಕು ಅಂತ ಬರೆಸಿದೆವು. ಮೊನ್ನೆ ಭಾನುವಾರ ಮಾಮನ ಜೊತೆ ಹಳೆಯ ಬಾಂದು ಕಲ್ಲು ಹುಡುಕಲು ಹೋದೆ. ಮಾಮನಿಗೆ ಎಪ್ಪತ್ತು ದಾಟಿದೆ, ಕಲ್ಲಿದ್ದ ಜಾಗ ಮಾತ್ರ ಒಂದೂ ಮರೆತಿಲ್ಲ. ಮೂರು ಸಿಕ್ಕವು. ಮೂರನೆಯದು ಸಜ್ಜೆ ಹೊಲದ ನಟ್ಟನಡುವೆ ಇತ್ತು. ಮಾಮ ಟವೆಲ್‌ನಿಂದ ಅದರ ಮಣ್ಣು ಒರೆಸಿ, ಬಗಲಿನ ಸುಣ್ಣದ ಡಬ್ಬಿ ತೆಗೆದು ಬಳಿದ.