ಊರು ಹೇಳದ ಹುಡುಗ, ಸೊನ್ನೆ ಒಪ್ಪದ ಪೋರ್ಟಲ್

ಮಾರ್ಚ್ ಬಂತೆಂದರೆ ನಮ್ಮ ಕಂಪನಿಯ ಸಿಎಸ್‌ಆರ್ ಟೀಮಿನವರಿಗೆ, ಅಂದರೆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವವರಿಗೆ, ಊಟ ನಿದ್ದೆ ಇರುವುದಿಲ್ಲ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ದುಡ್ಡು 31ರೊಳಗೆ ಲೆಕ್ಕಕ್ಕೆ ಸಿಗಬೇಕು. ವರ್ಷವಿಡೀ ಸುಮ್ನಿದ್ದ ಮ್ಯಾನೇಜ್‌ಮೆಂಟ್ ಆಗ ದಡಬಡಿಸಿ ಎದ್ದು "ಸೈಟ್ ವಿಸಿಟ್ ರಿಪೋರ್ಟ್ ಎಲ್ಲಿ?" ಅನ್ನುತ್ತದೆ. ಹಾಗೆ ಒಂದು ಮಂಗಳವಾರ ನಾನು ಪುಣೆಯಿಂದ ಮುಳಶಿ ಕಡೆ ಹೊರಟೆ. ಚಾಂದಣಿ ಚೌಕ, ಪಿರಂಗುಟ್ ಘಾಟ್, ಪೌಡ್, ಅಲ್ಲಿಂದ ಒಳದಾರಿ. ದಿಕ್ಕಿಲ್ಲದ 32 ಮಕ್ಕಳಿರುವ ಮನೆ, ಸುತ್ತ ಅವರದೇ ಹೊಲ, ಎಂಟು ಹಸುವಿನ ಕೊಟ್ಟಿಗೆ. ಅವರಿಗೆ ನಮ್ಮ ದುಡ್ಡಿನ ಎರಡನೇ ಕಂತು ಬಿಡಬೇಕೋ ಬೇಡವೋ ಅಂತ ನಾನು ಬರೆಯಬೇಕಿತ್ತು.

ನಿಜ ಹೇಳಬೇಕೆಂದರೆ, ಕಾರಿನಲ್ಲೇ ಬರೆದಾಗಿತ್ತು. ಅವರು ಕಳಿಸಿದ ಯುಸಿಯಲ್ಲಿ, ಅಂದರೆ ಕೊಟ್ಟ ದುಡ್ಡಿನ ಖರ್ಚಿನ ಲೆಕ್ಕಪತ್ರದಲ್ಲಿ, ಏಳು ತಿಂಗಳಿಂದ ಅಕ್ಕಿ, ತರಕಾರಿ, ಹಾಲಿನದು ಒಂದೂ ಬಿಲ್ ಇರಲಿಲ್ಲ. ಉಪ್ಪು, ಎಣ್ಣೆ, ಸಕ್ಕರೆ, ಚಹಾಪುಡಿ, ಸಿಲಿಂಡರ್. ಮುಗೀತು. ಮಕ್ಕಳೇನು ಗಾಳಿ ತಿಂದು ಬದುಕ್ತಾವಾ? ಎಂಟು ವರ್ಷ ಇದೇ ಕೆಲಸ ಮಾಡಿದವಳು ನಾನು, ಇಂಥದ್ದೆಲ್ಲ ಬೇಗ ಮೂಗಿಗೆ ಬಡಿಯುತ್ತದೆ. 'ರೆಡ್ ಫ್ಲ್ಯಾಗ್' ಅಂತ ಕೆಂಪಕ್ಷರದಲ್ಲೇ ಹಾಕಿದ್ದೆ.

ಉಗ್ರಾಣದ ಬಾಗಿಲು ತೆಗೆದ ಕೂಡಲೇ ಅದೇ ಮೂಗಿಗೆ ಇಂದ್ರಾಯಣಿ ಅಕ್ಕಿಯ ಘಮ ಬಡಿಯಿತು. ಮಳೆಗಾಲದ ಬೆಳೆ, ಚೀಲದ ಮೇಲೆ ಸುಣ್ಣದಲ್ಲಿ ತೂಕ ಬರೆದಿದ್ದರು. ನೆಲದ ತುಂಬ ಈರುಳ್ಳಿ ಹರಡಿತ್ತು. ಗೋಡೆಗೆ ಒಂದು ರಿಜಿಸ್ಟರ್ ದಾರ ಕಟ್ಟಿ ತೂಗುಹಾಕಿತ್ತು: ಯಾವ ದಿನ ಎಷ್ಟು ಕಿಲೋ ಬದನೆಕಾಯಿ, ಎಷ್ಟು ಲೀಟರ್ ಹಾಲು, ಯಾರ ಸಹಿ. ಬೇಳೆ, ಚಹಾ ಗೋಬರ್ ಗ್ಯಾಸ್ ಮೇಲೆ, ಉಳಿದದ್ದಕ್ಕೆ ಸಿಲಿಂಡರ್. ಎಲ್ಲಾ ಇದೆ, ಬಿಲ್ ಮಾತ್ರ ಇಲ್ಲ. "ನಮ್ಮ ಬದನೆಕಾಯಿಗೆ ನಾವೇ ಬಿಲ್ ಹರಿಯೋದು ಹೇಗೆ, ಮೇಡಂ?" ಅಂತ ಅಲ್ಲಿಯ ಮೇಲ್ವಿಚಾರಕರು ಮರಾಠಿಯಲ್ಲಿ ಕೇಳಿದರು. ನಾನು "ಪಾಲಿಸಿ, ಸರ್" ಅಂದೆ. ಏನೂ ತೋಚದಾಗ ನಾವೆಲ್ಲ ಹೇಳುವುದು ಅದನ್ನೇ ಅಲ್ವಾ.

ಉಳಿದದ್ದು 'ಬೆನಿಫಿಶಿಯರಿ ಇಂಟರಾಕ್ಷನ್'. ಮೂರು ಮಕ್ಕಳ ಮಾತು ಬೇಕು.

ಕೊಟ್ಟಿಗೆ ಹತ್ತಿರ ಒಬ್ಬ ಹುಡುಗ, ಒಂಬತ್ತು ಹತ್ತು ವರ್ಷ ಇರಬಹುದು, ಕರುವನ್ನು ಬೈಯುತ್ತಿದ್ದ. "ಸುಮ್ಕ ನಿಂದ್ರಲೇ!" ಮುಳಶಿಯ ಆ ಮೂಲೆಯಲ್ಲಿ ನಮ್ಮ ಕಡೆಯ ಕನ್ನಡ! ಧಾರವಾಡ ಬಿಟ್ಟು ಹದಿನಾಲ್ಕು ವರ್ಷ ಆದವಳಿಗೆ ಎಷ್ಟು ಖುಷಿ ಆಗಿರಬೇಕು, ನೀವೇ ಹೇಳಿ. ಟ್ಯಾಬ್ ಹಿಡಿದುಕೊಂಡೇ ಓಡಿ ಹೋಗಿ, "ಯಾವೂರೋ ತಮ್ಮಾ ನಿಂದು?" ಅಂದೆ.

ಅವನು ಕರುವಿನ ಹಗ್ಗ ಬಿಟ್ಟ. ನನ್ನ ಮುಖ ನೋಡಲಿಲ್ಲ, ಟ್ಯಾಬ್ ನೋಡಿದ. ಕೇಳಿಸಲಿಲ್ಲವೇನೋ ಅಂತ ನಾನು ಇನ್ನೂ ಬಗ್ಗಿ, "ಇಂಡಿ ಕಡೆ ಏನು? ಅಪ್ಪ ಅವ್ವ ಎಲ್ಲಿರ್ತಾರ?" ಅಂತ ಮತ್ತೆ ಕೇಳಿದೆ. ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದು, ತಿರುಗಿ ಹೋಗಿಬಿಟ್ಟ. ನಾಚಿಕೆ ಇರಬೇಕು ಅಂದುಕೊಂಡೆ. ಟ್ಯಾಬ್‌ನಲ್ಲಿ 'ಶೈ ಚೈಲ್ಡ್' ಅಂತ ಟೈಪೂ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

ಹತ್ತು ನಿಮಿಷಕ್ಕೆ ಅಡುಗೆಮನೆಯಿಂದ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಅವನ ಹೆಸರು ಕೂಗಿದರು. ಉತ್ತರ ಇಲ್ಲ. ಇನ್ನೊಮ್ಮೆ ಕೂಗಿದರು. ಮಲಗುವ ಕೋಣೆ, ಮಾವಿನ ಮರ, ಬಚ್ಚಲು, ಎಲ್ಲೂ ಇಲ್ಲ. ಅಷ್ಟರಲ್ಲಿ ಯಾರೋ "ಗೇಟ್ ತೆಗೆದಿದೆ" ಅಂದರು. ತೆಗೆದು ಬಿಟ್ಟವನು ನಮ್ಮ ಡ್ರೈವರ್, ಚಹಾ ಕುಡಿಯಲು ಹೋಗಿದ್ದ. ಮೇಲ್ವಿಚಾರಕರು ಯಾರಿಗೂ ಏನೂ ಹೇಳದೆ ಹೊಲದ ಆ ತುದಿಗೆ ನಡೆದರು. ಮೊದಲು ನಡೆದರು, ಆಮೇಲೆ ಓಡಿದರು. ಅಲ್ಲಿ ಕೃಷಿ ಹೊಂಡ ಇತ್ತು, ಒಳಗೆ ಪೂರ್ತಿ ಪ್ಲಾಸ್ಟಿಕ್ ಹಾಸು. ಬಿದ್ದರೆ ಕಾಲೂರಿ ಹತ್ತಲು ಆಗುವುದಿಲ್ಲ. ನಾನೂ ಹಿಂದೆ ಓಡಿದೆ. ಬೇಲಿಗೆ ಕೈಯೂರಿ ಇಬ್ಬರೂ ನೀರು ನೋಡುತ್ತ ನಿಂತೆವು. ನೀರು ಹಸಿರಾಗಿತ್ತು, ತಳ ಕಾಣುತ್ತಿರಲಿಲ್ಲ. ಫೋನ್ ರಿಂಗಾಯಿತು. ಮ್ಯಾನೇಜರ್. "ಫೋಟೋ ತಗೊಂಡ್ರಾ?" ಕಟ್ ಮಾಡಿದೆ.

ಇಪ್ಪತ್ತು ನಿಮಿಷ ಆದ ಮೇಲೆ ಮಾವಶಿಯೇ ಕೂಗಿದರು. ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸಿನ ತೊಟ್ಟಿ ಹತ್ತಿರ ಇದ್ದ. ಮೊಣಕೈವರೆಗೆ ಸಗಣಿ. ಸಗಣಿ ಎಷ್ಟೋ ನೀರೂ ಅಷ್ಟೇ ಹಾಕಿ, ಗಂಟು ಒಡೆದು, ಹುಲ್ಲಿನ ಕಡ್ಡಿ ಒಂದೊಂದೇ ಆರಿಸಿ ಪಕ್ಕಕ್ಕಿಡುತ್ತಿದ್ದ. ಗೋಡೆಯ ಪಾಳಿ ಪಟ್ಟಿಯಲ್ಲಿ ಅವನ ಸರದಿ ಇದ್ದದ್ದು ಗುರುವಾರ. ಅದಕ್ಕೇ ಅಲ್ಲಿ ಯಾರೂ ನೋಡಿರಲಿಲ್ಲ. ಮಾವಶಿ ಬೈಯಲಿಲ್ಲ. ಸೀರೆ ಎತ್ತಿ ಕಟ್ಟಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚೊಂಬಿನಿಂದ ನೀರು ಹೊಯ್ಯತೊಡಗಿದರು.

ಮಾವಶಿ ಅಕ್ಕಲಕೋಟೆಯವರು, ಕನ್ನಡ ಬರುತ್ತದೆ. ನಾನು ಹೊರಡುವಾಗ ಕಾರಿನ ತನಕ ಬಂದರು. "ಅಕ್ಕಾರ, ಮಕ್ಕಳ ಕಲ್ಯಾಣ ಕಮಿಟಿಯವರು ಬಂದಾಗೂ ಹಿಂಗ ಏನಾರ ಕೈಯಾಗ ಹಿಡಕೊಂಡು ಊರು ಕೇಳ್ತಾರ. ಊರು ಹೇಳಿದ ಹುಡುಗರನ್ನ ಮನಿ ಹುಡುಕಿ ಕಳಸ್ತಾರ. ಇಂವ ಅದನ್ನ ನೋಡ್ಯಾನ. ಇಂವಗ ಹೋಗೋದು ಬ್ಯಾಡ."

ನಮ್ಮವರು ಸಿಕ್ಕರೆ ಬಾಯಿಗೆ ಮೊದಲು ಬರುವುದೇ ಆ ಪ್ರಶ್ನೆ. ಟ್ರೇನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಸಿಕ್ಕರೂ. ಈಗ ಸೈಟ್‌ಗೆ ಹೋದರೆ ಟ್ಯಾಬ್ ಕಾರಿನಲ್ಲೇ ಬಿಡುತ್ತೇನೆ. ಮಕ್ಕಳನ್ನು ಕೇಳುವುದೇ ಇದ್ದರೆ ಇವತ್ತು ಏನು ಪಲ್ಯ ಅಂತ ಕೇಳುತ್ತೇನೆ. ಗೇಟ್ ಹಾಕಿದೆಯೋ ಇಲ್ಲವೋ ನಾನೇ ನೋಡುತ್ತೇನೆ. ಡ್ರೈವರ್ ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ.

ರೆಡ್ ಫ್ಲ್ಯಾಗ್ ಅಳಿಸಿದೆ. ಆದರೆ ಪೋರ್ಟಲ್‌ನಲ್ಲಿ 'ಪ್ರತಿ ಮಗುವಿನ ತರಕಾರಿ ಖರ್ಚು' ಕಾಲಮ್ ಸೊನ್ನೆ ಒಪ್ಪುವುದಿಲ್ಲ. ಮ್ಯಾನೇಜರ್ "1 ಹಾಕಿ" ಅಂದರು. ಹಾಕಿದೆ. ಆಮೇಲೆ ಮೂರು ಮಕ್ಕಳ ಹೆಸರು, ಊರು, ಫೋಟೋ, ಎಲ್ಲಾ ಕಡ್ಡಾಯ. ನಮ್ಮ ವಾರ್ಷಿಕ ವರದಿಯಲ್ಲಿ ನುಣುಪು ಕಾಗದದ ಮೇಲೆ ಅಚ್ಚಾಗುವುದು ಅವೇ. ಇಂಥ ಮಕ್ಕಳ ಗುರುತು ಬಯಲು ಮಾಡಿದರೆ 2015ರ ಜೆಜೆ (ಬಾಲನ್ಯಾಯ) ಕಾಯ್ದೆ ಸೆಕ್ಷನ್ 74ರಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸಿಎಸ್‌ಆರ್ ಟ್ರೇನಿಂಗ್ ಅಂತ ಎರಡು ದಿನ ಕೂರಿಸಿ ಕೇಕ್ ಕೊಟ್ಟವರು ಇದನ್ನೊಂದು ಹೇಳಿರಲಿಲ್ಲ. ಮೂರೂ ಜಾಗದಲ್ಲಿ 'ಸೆಕ್ಷನ್ 74' ಅಂತ ಬರೆದು ಸಬ್ಮಿಟ್ ಒತ್ತಿದೆ. 'ನೇಟಿವ್ ಪ್ಲೇಸ್ ಇನ್‌ವ್ಯಾಲಿಡ್' ಅಂತ ವಾಪಸ್ ಬಂತು.

ದುಡ್ಡು 30ಕ್ಕೇ ಹೋಯಿತು. 30ನೇ ತಾರೀಕು ಯಾರೂ ರಿಪೋರ್ಟ್ ಓದುವುದಿಲ್ಲ. ರಿಪೋರ್ಟ್ ಮಾತ್ರ ಇನ್ನೂ ನನ್ನ ಹೆಸರಲ್ಲಿ ಪೆಂಡಿಂಗ್. ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ರಿಮೈಂಡರ್ ಮೇಲ್ ಬರುತ್ತದೆ: 'ದಯವಿಟ್ಟು ಊರಿನ ಹೆಸರು ನಮೂದಿಸಿ.'