ಓದುಗರ ಹತ್ತಿರ ಹಣ ಕೇಳಬಹುದಾ? ನಾಲ್ಕು ವರ್ಷ ಕೇಳಿದವನ ಅನುಭವ

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಒಂಬತ್ತು ವರ್ಷ ಡೆಸ್ಕ್ ಕೆಲಸ ಮಾಡಿದೆ. ಈಗ ನಾಲ್ಕು ವರ್ಷದಿಂದ ಅಡಿಕೆ ತೋಟದ ಬಗ್ಗೆ ಆನ್‌ಲೈನ್‌ನಲ್ಲಿ ಸ್ವಂತವಾಗಿ ಬರೆಯುತ್ತಿದ್ದೇನೆ. ಕೊಳೆ ರೋಗ, ಎಲೆಚುಕ್ಕಿ ರೋಗ, ಮಳೆ, ಕೊಯ್ಲು, ಮಂಡಿ ದರ ಇವೇ ನನ್ನ ವಿಷಯ. ಓದುವುದಕ್ಕೆ ದುಡ್ಡಿಲ್ಲ. ಬರಹದ ಕೊನೆಯಲ್ಲಿ ಒಂದು ಕ್ಯೂಆರ್ ಕೋಡ್ ಇರುತ್ತದೆ. ಮನಸ್ಸು ಬಂದವರು ಹಣ ಹಾಕುತ್ತಾರೆ.

ಹೊಸದಾಗಿ ಬರೆಯಲು ಶುರು ಮಾಡಿದ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣ, ಓದುಗರ ಮುಂದೆ ಹೀಗೆ ಕೈಚಾಚುವುದು ಸರಿಯಾ?" ಅಂತ ಕೇಳುತ್ತಾರೆ. ಕೇಳಬಹುದು ಅಂತಲೇ ಹೇಳುತ್ತೇನೆ. ಆದರೆ ಹೇಗೆ ಕೇಳಬೇಕು, ಯಾರಿಂದ ತೆಗೆದುಕೊಳ್ಳಬಾರದು ಅನ್ನುವುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ಕೇಳಿದಾಗ ಬರಹದ ತಲೆಯ ಮೇಲೇ ಹಾಕಿದ್ದೆ. "ಕೆಲಸ ಬಿಟ್ಟಿದ್ದೇನೆ, ಕಷ್ಟವಿದೆ, ದಯವಿಟ್ಟು ಕೈಲಾದಷ್ಟು ಸಹಾಯ ಮಾಡಿ" ಅಂತ. ಸಂಜೆಯೊಳಗೆ ಚಿಕ್ಕಮ್ಮನ ಫೋನ್ ಬಂತು. "ಏನು ಮಾರಾಯ, ಮನೇಲಿ ಅಷ್ಟು ತಾಪತ್ರಯವಾ? ನಮಗೊಂದು ಮಾತು ಹೇಳಬಾರದಿತ್ತಾ?" ಅಂದರು. ಹಳೆಯ ಸಹೋದ್ಯೋಗಿಗಳು ಒಂದಿಷ್ಟು ಹಣ ಹಾಕಿದರು. ಅದು ಬರಹಕ್ಕೆ ಬಂದ ಹಣ ಅಲ್ಲ, ನನ್ನ ಮೇಲಿನ ಕನಿಕರಕ್ಕೆ ಬಂದದ್ದು. ಮುಂದಿನ ತಿಂಗಳು ಯಾರೂ ಹಾಕಲಿಲ್ಲ. ಹಾಕಬೇಕಾದ ಕಾರಣವೂ ಇರಲಿಲ್ಲ. ನನ್ನ ಕಷ್ಟ ಹೇಳಿದ್ದೆನೇ ಹೊರತು ನನ್ನ ಕೆಲಸ ಏನು, ಅದಕ್ಕೆ ಏನು ಖರ್ಚಾಗುತ್ತದೆ ಅಂತ ಹೇಳಿರಲಿಲ್ಲ.

ಎರಡನೇ ಸಲ ಕೇಳಿದ್ದು ಬೋರ್ಡೋ ದ್ರಾವಣದ ಬರಹದಲ್ಲಿ. ಮಳೆಗಾಲಕ್ಕೆ ಮುಂಚೆ ಕೊಳೆ ಔಷಧಿ ಹೊಡೆಯುವ ಸಮಯ. ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆದರೂ ಕೆಲವರ ತೋಟದಲ್ಲಿ ಹೊಡೆದ ಮೇಲೂ ಕೊಳೆ ಬರುತ್ತದೆ, ಇನ್ನು ಕೆಲವರಲ್ಲಿ ಎಳೆ ಕಾಯಿ ಸುಡುತ್ತದೆ. ಯಾಕೆ ಅಂತ ನೋಡಲು ಮೂರು ದಿನ ಮೂರು ತೋಟಕ್ಕೆ ಹೋದೆ. ಒಂದು ಕಡೆ ಡ್ರಮ್ಮಿನಲ್ಲಿ ಕಲಸಿಟ್ಟಿದ್ದರು. ಬಣ್ಣ ತಿಳಿ ನೀಲಿ, ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಉಜ್ಜಿ ಹೊಳಪು ಮಾಡಿದ ಚಾಕುವನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಅಲಗಿನ ಮೇಲೆ ಕೆಂಪು ಬಣ್ಣ ಹಿಡಿದಿತ್ತು. ಅಂದರೆ ತಾಮ್ರ ಸುಣ್ಣದ ಜೊತೆ ಇನ್ನೂ ಪೂರ್ತಿ ಕೂಡಿಕೊಂಡಿಲ್ಲ, ಸುಣ್ಣ ಸಾಲದು. ತೂಕ ಸರಿಯಿತ್ತು, ಸುಣ್ಣ ಮಾತ್ರ ಹಳೆಯದು. ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ತೆರೆದ ಚೀಲದಲ್ಲಿ ಕೂತು ಗಾಳಿಗೆ ಸತ್ವ ಕಳೆದುಕೊಂಡಿತ್ತು. ಸುಣ್ಣದ ತಿಳಿ ಇನ್ನಷ್ಟು ಹಾಕಿಸಿ ಮತ್ತೆ ಚಾಕು ಅದ್ದಿದೆವು. ಎರಡನೇ ಸಲಕ್ಕೆ ಅಲಗು ಬೆಳ್ಳಗೆ ಬಂತು.

ಇದನ್ನೆಲ್ಲ ಫೋಟೋ ಸಮೇತ ಬರೆದೆ. ಕೊನೆಯಲ್ಲಿ ನಾಲ್ಕೇ ಸಾಲು ಸೇರಿಸಿದೆ: "ಈ ಬರಹಕ್ಕೆ ಮೂರು ದಿನ ಓಡಾಡಿದ್ದೇನೆ. ಪೆಟ್ರೋಲಿಗೆ ಏಳುನೂರು ರೂಪಾಯಿ ಆಗಿದೆ. ನಿಮಗೆ ಉಪಯೋಗ ಆಗಿದ್ದರೆ ಇಪ್ಪತ್ತೋ ಐವತ್ತೋ ಹಾಕಿ. ಹಾಕದಿದ್ದರೂ ಓದುವುದಕ್ಕೆ ಅಡ್ಡಿ ಇಲ್ಲ." ಒಂದು ವಾರದಲ್ಲಿ ನಾಲ್ಕು ಸಾವಿರ ದಾಟಿತು. ಗುರುತಿನವರು ಅದರಲ್ಲಿ ಮೂರೋ ನಾಲ್ಕೋ ಜನ. ಉಳಿದವರೆಲ್ಲ ನಾನು ನೋಡದ ಊರಿನವರು. ಅವತ್ತು ನನಗಾದ ಖುಷಿ ದೊಡ್ಡದು.

ಓದುವ ಜನ ನೂರಾದರೆ ಹಣ ಹಾಕುವವರು ಒಬ್ಬರೋ ಇಬ್ಬರೋ. ನನ್ನ ಲೆಕ್ಕದಲ್ಲಿ ಇದು ಯಾವತ್ತೂ ಬದಲಾಗಿಲ್ಲ. ಹಾಗಾದರೆ ಹಣ ಕೊಟ್ಟವರಿಗೆ ಮಾತ್ರ ಓದಲು ಬಿಡಬಹುದಲ್ಲ ಅಂತ ಸ್ನೇಹಿತರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ ಆಡಿಸುತ್ತಾರೆ, ಅಲ್ವಾ? ಖರ್ಚು ಹರಕೆ ಹೊತ್ತ ಮನೆಯವರದ್ದು. ನೋಡುವುದು ಇಡೀ ಊರು. ಟೆಂಟಿನ ಆಟಕ್ಕೆ ಟಿಕೆಟ್ ಇಟ್ಟದ್ದೂ ಉಂಟು, ಅದು ತಪ್ಪೇನಲ್ಲ. ಆದರೆ ಕೊಳೆ ರೋಗದ ಮಾಹಿತಿ ಟಿಕೆಟ್ ಇಟ್ಟು ಮಾರುವಂಥದ್ದಲ್ಲ. ಪಕ್ಕದ ತೋಟದಲ್ಲಿ ಕೊಳೆ ಬಿದ್ದರೆ ನನ್ನ ತೋಟಕ್ಕೂ ಬರುತ್ತದೆ. ಒಬ್ಬ ಕೊಟ್ಟು ಹತ್ತು ಜನ ಓದಿದರೆ ಕೊಟ್ಟವನಿಗೂ ಒಳ್ಳೆಯದೇ. ವಿಕಿಪೀಡಿಯ ಜಾಹೀರಾತು ಹಾಕದೆ ಇಷ್ಟು ವರ್ಷ ನಡೆದು ಬಂದಿರುವುದೂ ಹೆಚ್ಚಾಗಿ ಹೀಗೆ ಕೊಟ್ಟವರಿಂದಲೇ.

ಇನ್ನು ಯಾರಿಂದ ತೆಗೆದುಕೊಳ್ಳಬಾರದು ಅನ್ನುವ ವಿಷಯ. ಎರಡನೇ ವರ್ಷ ಒಂದು ದಿನ ಒಟ್ಟಿಗೇ ಐದು ಸಾವಿರ ಬಂತು. ಔಷಧಿ ಅಂಗಡಿ ನಡೆಸುವವರು ಹಾಕಿದ್ದು. "ಚೆನ್ನಾಗಿ ಬರೀತೀರಿ, ಮುಂದುವರಿಸಿ" ಅಂತ ಮೆಸೇಜು. ಸಂತೋಷಪಟ್ಟು ಥ್ಯಾಂಕ್ಸ್ ಹೇಳಿದೆ. ವಾರ ಕಳೆದು ಫೋನ್ ಬಂತು. "ಸರ್, ಎಲೆಚುಕ್ಕಿಗೆ ನಮ್ಮಲ್ಲಿ ಒಂದು ಹೊಸ ಔಷಧಿ ಬಂದಿದೆ. ಮುಂದಿನ ಸಲ ಬರೆಯುವಾಗ ಅದರದ್ದೂ ಒಂದೆರಡು ಮಾತು ಬರಲಿ."

ನಮ್ಮಲ್ಲಿ ನಾಟಿಗೆ ಮುಯ್ಯಾಳು ಹೋಗುವುದುಂಟು. ಅವರು ಒಂದು ದಿನ ನಮ್ಮ ಗದ್ದೆಗೆ ಬಂದರೆ ನಾವೊಂದು ದಿನ ಅವರ ಗದ್ದೆಗೆ ಹೋಗಬೇಕು. ಓದುಗ ಹಾಕುವ ಐವತ್ತು ರೂಪಾಯಿ ನಾನು ಆಗಲೇ ಮಾಡಿ ಮುಗಿಸಿದ ಕೆಲಸದ ಮುಯ್ಯಿ. ಅಲ್ಲಿಗೆ ತೀರಿತು. ಅಂಗಡಿಯವರ ಐದು ಸಾವಿರ ಮುಂದೆ ನಾನು ತೀರಿಸಬೇಕಾದ ಮುಯ್ಯಿ. ಅದನ್ನು ಅವರ ಔಷಧಿ ಹೊಗಳಿಯೇ ತೀರಿಸಬೇಕಿತ್ತು. ಆ ಸಂಜೆಯೇ ವಾಪಸ್ ಕಳಿಸಿದೆ. ಅವರಿಗೆ ಬೇಜಾರಾಯಿತು. ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ಆಮೇಲೆ ನಿಯಮ ಮಾಡಿಕೊಂಡೆ: ಔಷಧಿ, ಗೊಬ್ಬರ, ಅಡಿಕೆ ವ್ಯಾಪಾರ ಮಾಡುವವರಿಂದ ಒಂದು ರೂಪಾಯಿಯೂ ಬೇಡ. ಬೇರೆ ಯಾರೇ ಆದರೂ ಒಂದು ಸಲಕ್ಕೆ ಐನೂರಕ್ಕಿಂತ ಜಾಸ್ತಿ ಬೇಡ.

ಓದುಗರ ಹಣದಲ್ಲೂ ಒಂದು ಸೆಳೆತ ಇದೆ. ಅದನ್ನೂ ಹೇಳಬೇಕು. ಗದ್ದೆ ಮುಚ್ಚಿ ಅಡಿಕೆ ಹಾಕುವುದು ಹೀಗೇ ನಡೆದರೆ ಮುಂದೆ ಏನಾಗಬಹುದು ಅಂತ ಒಂದು ಬರಹ ಬರೆದೆ. ತುಂಬಾ ಓಡಾಡಿ ಬರೆದದ್ದು. ಬಂದದ್ದು ನೂರ ಹತ್ತು ರೂಪಾಯಿ. ಅದೇ ತಿಂಗಳು ಅಡಿಕೆ ದರ ಏರಿದ್ದರ ಬಗ್ಗೆ ಅರ್ಧ ಗಂಟೆಯಲ್ಲಿ ಬರೆದದ್ದಕ್ಕೆ ಎರಡು ಸಾವಿರ ಬಂತು. ಮುಂದಿನ ವಾರ ಏನು ಬರೆಯಲಿ ಅಂತ ಕೂತಾಗ ಮನಸ್ಸು ತಾನಾಗೇ ದರದ ಕಡೆ ವಾಲಿತು. ಹೆದರಿಕೆಯಾಯಿತು. ಈಗ ಯಾವ ಬರಹಕ್ಕೆ ಎಷ್ಟು ಬಂತು ಅಂತ ನೋಡುವುದನ್ನೇ ಬಿಟ್ಟಿದ್ದೇನೆ. ತಿಂಗಳ ಕೊನೆಗೆ ಒಂದೇ ಸಲ ಒಟ್ಟು ಮೊತ್ತ ನೋಡುತ್ತೇನೆ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಓದುಗರಿಗೂ ಬರೆದು ತಿಳಿಸುತ್ತೇನೆ.

ಶುರು ಮಾಡುವವರಿಗೆ ಸಣ್ಣಪುಟ್ಟ ವಿಷಯ ಕೆಲವು. 2016ರಲ್ಲಿ ಯುಪಿಐ ಬಂದ ಮೇಲೆ ಹತ್ತು ರೂಪಾಯಿ ಕೊಡುವುದೂ ಸುಲಭವಾಗಿದೆ. ಆದರೆ ನಿಮ್ಮ ಯುಪಿಐ ಐಡಿಯಲ್ಲಿ ಮೊಬೈಲ್ ನಂಬರ್ ಇದ್ದರೆ ಊರಿಗೆಲ್ಲ ಹಂಚಿದ ಹಾಗೆ. ನಂಬರ್ ಇಲ್ಲದ ಬೇರೆ ಐಡಿ ಮಾಡಿಕೊಳ್ಳಿ, ಅದಕ್ಕೆ ಬೇರೆ ಖಾತೆ ಇರಲಿ. ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. "ತಪ್ಪಿ ಜಾಸ್ತಿ ಹಾಕಿದ್ದೇನೆ, ವಾಪಸ್ ಕಳಿಸಿ" ಅಂತ ಫೋನ್ ಬಂದರೆ ಮೊದಲು ಬ್ಯಾಂಕ್ ಖಾತೆ ನೋಡಿ. ಮೆಸೇಜನ್ನು ನಂಬಬೇಡಿ. ಇನ್ನೊಂದು, ಇದು ಉಡುಗೊರೆ ಅಲ್ಲ, ಬರೆದದ್ದಕ್ಕೆ ಬಂದ ಆದಾಯ ಅಂತ ನನ್ನ ಆಡಿಟರ್ ಹೇಳಿದರು. ರಿಟರ್ನ್ಸ್‌ನಲ್ಲಿ ತೋರಿಸುತ್ತೇನೆ.

ಹೋದ ವರ್ಷ ಮೇ ಕೊನೆಯಲ್ಲಿ ಇಪ್ಪತ್ತು ರೂಪಾಯಿ ಹಾಕಿದ ಒಬ್ಬರು ಫೋನ್ ಮಾಡಿದರು. ಕೊನೆಗಾರರು. ಮರ ಹತ್ತಿ ಔಷಧಿ ಹೊಡೆಯುವವರು. "ಚಾಕು ಅದ್ದಿ ನೋಡುವುದು ಬರೆದಿದ್ದೀರಲ್ಲ ಅಣ್ಣ, ಮಗಳ ಹತ್ತಿರ ಓದಿಸಿ ಕೇಳಿದೆ. ನಮಗೆ ಓದುವುದು ಅಷ್ಟಾಗಿ ಬರುವುದಿಲ್ಲ. ಬಾಯಲ್ಲಿ ಹೇಳಿ ಹಾಕಿದರೆ ತೋಟದಲ್ಲೇ ಕೇಳಬಹುದಿತ್ತು" ಅಂದರು. ಆ ತಿಂಗಳು ಬಂದ ಹಣದಲ್ಲಿ ಒಂದು ಮೈಕ್ ತಂದೆ. ಬೋರ್ಡೋ ಬರಹವನ್ನೇ ಮೊದಲು ಓದಿ ರೆಕಾರ್ಡ್ ಮಾಡಿದೆ. ಹನ್ನೊಂದು ನಿಮಿಷ ಬಂತು. ಹಾಕುವುದಕ್ಕೆ ಮುಂಚೆ ಅವರಿಗೇ ಕಳಿಸಿದೆ. ಸಂಜೆ ಉತ್ತರ ಬಂತು: "ಸುಣ್ಣದ ವಿಷಯ ಇನ್ನೊಂದು ಸಲ ನಿಧಾನಕ್ಕೆ ಹೇಳಿ. ಔಷಧಿ ಕಲಸುವವರು ಅವಸರ ಮಾಡುವುದು ಅಲ್ಲೇ." ಆ ಭಾಗವನ್ನು ಮತ್ತೆ ರೆಕಾರ್ಡ್ ಮಾಡಿದೆ.