ಬೆಳ್ಳಿ ಗೀರಿನೊಳಗೇ ಕೂರಬೇಕು

ಬೀದರ್, 19 ಏಪ್ರಿಲ್ 2025, ಶನಿವಾರ

ನಾಳೆ ಕಲಬುರಗಿಯಲ್ಲಿ ಅಕ್ಕನ ಗೃಹಪ್ರವೇಶ. ಅಲ್ಲಿಗೆ ಹೋಗಬೇಕಾದ ಕೇಕು ಎಂಟು ಇಂಚು ಅಗಲ, ನಾಲ್ಕು ಇಂಚು ಎತ್ತರ. ಮೈಯೆಲ್ಲ ಕಪ್ಪು, ಸುತ್ತ ಬಿದರಿ ಹೂಬಳ್ಳಿ.

ಬಿದರಿ ಕೇಕು ಅಂತ ಮಾಡುವವರಲ್ಲಿ ಹೆಚ್ಚಿನವರು ಕಪ್ಪಿನ ಮೇಲೆ ಬೆಳ್ಳಿ ಬಣ್ಣ ಬಳಿದು ಮುಗಿಸುತ್ತಾರೆ. ಅದು ಚಿತ್ರವಾಗುತ್ತದೆ, ಬಿದರಿ ಆಗುವುದಿಲ್ಲ. ನಮ್ಮೂರಿನ ಕುಶಲಕರ್ಮಿಗಳು ಸತು-ತಾಮ್ರದ ಎರಕದ ಮೇಲೆ ಮೊದಲು ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಉಳಿ ಕೊರೆದ ಗೆರೆ ಎದ್ದು ಕಾಣಲಿ ಎಂದು. ಆ ಗೆರೆಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಉಜ್ಜಿ ಸಮ ಮಾಡುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ನೀರು. ಅದರಲ್ಲಿ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆರಳಾಡಿಸಿದರೆ ತಂತಿ ತಗಲಬಾರದು. ಕೇಕಿನಲ್ಲೂ ಬೆಳ್ಳಿ ಮೈಯೊಳಗೆ ಇಳಿದು ಕೂತರೇ ಅದಕ್ಕೆ ಬಿದರಿಯ ಕಳೆ ಬರುವುದು.

ಸ್ಪಾಂಜ್ ನಿನ್ನೆಯೇ ಬೆಂದಿದೆ: ಮೈದಾ 240 ಗ್ರಾಂ, ಕೋಕೋ 40, ಸಕ್ಕರೆ ಪುಡಿ 240, ಮೊಸರು 200, ಎಣ್ಣೆ 110 ಎಂ.ಎಲ್., ಬಿಸಿನೀರು 200 ಎಂ.ಎಲ್., ಸೋಡಾ ಮತ್ತು ಬೇಕಿಂಗ್ ಪೌಡರ್ ಒಂದೊಂದು ಟೀ ಚಮಚ, ಚಿಟಿಕೆ ಉಪ್ಪು; 170 ಡಿಗ್ರಿಯಲ್ಲಿ 45-50 ನಿಮಿಷ. ಇಷ್ಟು ಎತ್ತರಕ್ಕೆ ಎರಡು ಸಲ ಬೇಯಿಸಬೇಕು.

ಈ ಬಿಸಿಲಿನಲ್ಲಿ ಹೊದಿಕೆಗೆ ಬೆಣ್ಣೆ ಕ್ರೀಮ್ ಬೇಡವೇ ಬೇಡ. ಬೆಣ್ಣೆ 32-35 ಡಿಗ್ರಿಗೇ ಕರಗುತ್ತದೆ, ಮಧ್ಯಾಹ್ನದ ಅಡುಗೆಮನೆ ಅದಕ್ಕಿಂತ ಬಿಸಿ. ಡಾರ್ಕ್ ಕಾಂಪೌಂಡ್ ಚಾಕೊಲೇಟ್ 600 ಗ್ರಾಂ, ಫ್ರೆಶ್ ಕ್ರೀಮ್ 200 ಗ್ರಾಂ ಸೇರಿಸಿದ ಗನಾಶ್ ಸಾಕು. ಚಳಿಗಾಲದಲ್ಲಿ ಎರಡಕ್ಕೆ ಒಂದು ಸಾಲುತ್ತದೆ, ಏಪ್ರಿಲ್‌ನಲ್ಲಿ ಮೂರಕ್ಕೆ ಒಂದೇ ಬೇಕು. ಹಾಗಿದ್ದರೂ ಎ.ಸಿ. ಇರುವ ಕೋಣೆಯಲ್ಲೇ ಗಟ್ಟಿಯಾಗಲಿ.

ಗನಾಶ್ ಮೇಲೆ ಹೊದಿಸುವ ಫಾಂಡಂಟ್‌ನ, ಅಂದರೆ ಲಟ್ಟಿಸುವ ಸಕ್ಕರೆ ಹಿಟ್ಟಿನ, ಕಪ್ಪು ಬೇರೆಯದೇ ಲೆಕ್ಕ. ಬಿಳಿ ಫಾಂಡಂಟ್‌ಗೆ ನೇರ ಕಪ್ಪು ಜೆಲ್ ಬಣ್ಣ ಸುರಿದರೆ ಬೂದಿ ಬಣ್ಣದಲ್ಲೇ ನಿಲ್ಲುತ್ತದೆ. ಇನ್ನಷ್ಟು ಸುರಿದರೆ ಮೆತ್ತಗಾಗಿ ಅಂಟುತ್ತದೆ, ಕಹಿಯಾಗುತ್ತದೆ, ತಿಂದವರ ಹಲ್ಲೂ ಕಪ್ಪು. 850 ಗ್ರಾಂ ಫಾಂಡಂಟ್‌ಗೆ ಮೊದಲು 60 ಗ್ರಾಂ ಕೋಕೋ ನಾದಿ ಕಂದು ಮಾಡಿಕೊಳ್ಳಬೇಕು. ಕೋಕೋ ಒಣಗಿಸುವುದರಿಂದ ಎರಡು ಟೀ ಚಮಚ ವನಸ್ಪತಿ. ಆಮೇಲೆ 10 ಗ್ರಾಂ ಜೆಲ್. ಪ್ಲಾಸ್ಟಿಕ್ ಸುತ್ತಿ ಒಂದು ರಾತ್ರಿ ಬಿಟ್ಟರೆ ಕಪ್ಪು ತಾನಾಗಿ ಗಾಢವಾಗುತ್ತದೆ.

ಬೆಳಿಗ್ಗೆ ಎಂಟಕ್ಕೆ, ಫ್ಯಾನ್ ಆರಿಸಿ, ಲಟ್ಟಣಿಗೆಯಲ್ಲಿ 4 ಮಿ.ಮೀ. ದಪ್ಪಕ್ಕೆ, 17 ಇಂಚು ಅಗಲಕ್ಕೆ ಲಟ್ಟಿಸಿದ್ದು. ಮೇಲಿನ 8, ಪಕ್ಕದ 4 ಮತ್ತು 4, ಹಿಡಿಯಲು ಒಂದು. ಕೆಳಗೆ ಕಾರ್ನ್‌ಫ್ಲೋರ್ ಉದುರಿಸಿದರೆ ಕಪ್ಪಿಗೆ ಬಿಳಿ ಮಚ್ಚೆ ಬೀಳುತ್ತದೆ, ವನಸ್ಪತಿ ಸವರಿದ ಪ್ಲಾಸ್ಟಿಕ್ ಹಾಳೆಯೇ ಒಳ್ಳೆಯದು. ನಮ್ಮ ಕಡೆ ಬೇಸಿಗೆಯ ಗಾಳಿ ಒಣ. ನಾಲ್ಕೈದು ನಿಮಿಷ ತಡವಾದರೂ ಅಂಚಿನಲ್ಲಿ ಆನೆಚರ್ಮದ ಹಾಗೆ ಸುಕ್ಕು ಬಿರುಕು. ಬಿರುಕಿಗೆ ನೀರು ಹಚ್ಚಬಾರದು, ಸಕ್ಕರೆ ಕರಗಿ ಹೊಳೆಯುವ ಕಲೆ ಉಳಿಯುತ್ತದೆ. ಬೆರಳ ತುದಿಯಲ್ಲಿ ಚೂರು ವನಸ್ಪತಿ ತಗೊಂಡು ಸುತ್ತಿ ಸುತ್ತಿ ತಿಕ್ಕಿದರೆ ಮುಚ್ಚುತ್ತದೆ.

ನಕ್ಷೆಗೆ ಟಿನ್ ಅಳೆಯಬೇಡಿ, ಹೊದಿಸಿ ಮುಗಿದ ಕೇಕನ್ನೇ ದಾರ ಸುತ್ತಿ ಅಳೆಯಿರಿ. ಎಂಟು ಇಂಚಿನ ಟಿನ್‌ನ ಸುತ್ತಳತೆ 25 ಇಂಚು. ಗನಾಶ್, ಫಾಂಡಂಟ್ ಸೇರಿ ಇದು 27ಕ್ಕೆ ಬಂದಿದೆ. ಟಿನ್ ನಂಬಿ ಬರೆದಿದ್ದರೆ ಬಳ್ಳಿ ಹಿಂಬದಿಯಲ್ಲಿ ಎರಡು ಇಂಚು ಕೂಡದೆ ಉಳಿಯುತ್ತಿತ್ತು. ಮೂರು ಇಂಚಿನ ಒಂಬತ್ತು ಪಾಲು, ಪ್ರತಿ ಪಾಲಿಗೂ ಒಂದು ಮೂರೆಲೆ ಬೂಟಿ, ನಡುವೆ ಬಳ್ಳಿ. ಬಟರ್ ಪೇಪರ್ ಮೇಲೆ ಬರೆದು, ಕೇಕಿಗೆ ಸುತ್ತಿ, ಗುಂಡುಸೂಜಿಯಿಂದ ಗೆರೆಯುದ್ದಕ್ಕೂ ಚುಚ್ಚಿ, ಪೇಪರ್ ತೆಗೆದು ಚುಕ್ಕಿಗಳನ್ನು ಸೇರಿಸುತ್ತ ಕೊರೆಯುವುದು. ಕಪ್ಪಿನಲ್ಲಿ ಕಪ್ಪು ಗೀರು ಕಾಣುವುದಿಲ್ಲ, ಇಲ್ಲಿ ಮೈಲುತುತ್ತವೂ ಇಲ್ಲ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕೇಕಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಪ್ರತಿ ಗೀರಿಗೂ ಕೂದಲೆಳೆಯ ನೆರಳು ಬೀಳುತ್ತದೆ. ಆಳ ಒಂದೂವರೆ ಮಿಲಿಮೀಟರ್ ಸಾಕು. ಗನಾಶ್‌ವರೆಗೆ ಇಳಿದರೆ ಜಿಡ್ಡು ಮೇಲೆ ಬಂದು, ಗೀರಿಗೆ ತುಂಬುವ ಬಿಳಿ ಐಸಿಂಗ್ ಹಳದಿಯಾಗುತ್ತದೆ, ಒಣಗುವುದೇ ಇಲ್ಲ.

ಕೊರೆಯುವುದು ತಕ್ಷಣ, ತುಂಬುವುದು ತಡವಾಗಿ. ಇದೊಂದನ್ನು ತಪ್ಪಿಸಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಮೈ ಬಿಗಿದ ಮೇಲೆ ಕೊರೆದರೆ ಗೀರಿನ ಅಂಚು ಹಪ್ಪಳದ ಹಾಗೆ ಚೂರಾಗುತ್ತದೆ. ಹಸಿ ಗೀರಿಗೇ ತುಂಬಿದರೆ ಕಪ್ಪು ಬಣ್ಣ ಬಿಳಿಯೊಳಗೆ ಹತ್ತಿ ಬಳ್ಳಿಯೆಲ್ಲ ಬೂದು. ಈ ಹವೆಗೆ ನಾಲ್ಕು ತಾಸು ಸಾಕು, ಮಳೆಗಾಲದಲ್ಲಾದರೆ ಇಡೀ ರಾತ್ರಿ ಬೇಕು.

ಅಕ್ಕನ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ. ಅದಕ್ಕೆ ಗೀರಿಗೆ ತುಂಬುವ ರಾಯಲ್ ಐಸಿಂಗ್‌ಗೆ ಮೊಟ್ಟೆಯ ಬಿಳಿಯ ಬದಲು ಕಾಬೂಲಿ ಕಡಲೆ ಬೇಯಿಸಿದ, ಉಪ್ಪು ಹಾಕದ ನೀರು, ಲೋಳೆಯಾಗುವ ತನಕ ಬತ್ತಿಸಿ ಆರಿಸಿದ್ದು. 200 ಗ್ರಾಂ ಐಸಿಂಗ್ ಸಕ್ಕರೆಗೆ 35 ಎಂ.ಎಲ್. ಸುಮಾರು, ಒಂದೇ ಸಲ ಸುರಿಯದೆ ಚಮಚ ಚಮಚವಾಗಿ. ಪಾತ್ರೆಗೆ ಮೊದಲು ನಿಂಬೆಹೋಳು ತಿಕ್ಕಿ ಒರೆಸಬೇಕು, ಜಿಡ್ಡಿದ್ದರೆ ನೊರೆ ಏಳುವುದಿಲ್ಲ. ಚಮಚದಿಂದ ಬಿದ್ದ ಎಳೆ ಹತ್ತು ಎಣಿಸುವಷ್ಟರಲ್ಲಿ ಮಟ್ಟವಾದರೆ ಹದ ಸರಿ. ಐಸಿಂಗ್ ಚೀಲದ ಒಂದನೇ ನಂಬರ್ ನಳಿಗೆ ಗೀರಿನ ತಳ ಮುಟ್ಟಿಕೊಂಡೇ ಸಾಗಬೇಕು. ಒಣಗಿದಾಗ ಐಸಿಂಗ್ ಕುಗ್ಗಿ ನಡು ತಗ್ಗಾಗುತ್ತದೆ. ತಾಸು ಬಿಟ್ಟು ಎರಡನೇ ಸಲ ತುಂಬಿ, ಉಬ್ಬಿದ್ದನ್ನು ಚಾಕುವಿನ ಬೆನ್ನಿನಿಂದ ಹೆರೆದರೆ ಬೆರಳಿಗೆ ಏನೂ ತಗಲುವುದಿಲ್ಲ.

ಗೆರೆಗಳಿಗೆ ಬೆಳ್ಳಿ ಪುಡಿ, ಅಗಲ ಎಲೆಗಳಿಗೆ ವರಕು, ಅಂದರೆ ತಿನ್ನುವ ಬೆಳ್ಳಿಯ ತೆಳು ಹಾಳೆ. ಬಿದರಿಯಲ್ಲೂ ತಂತಿಯ ಕೆಲಸವೇ ಬೇರೆ, ತಗಡಿನ ಕೆಲಸವೇ ಬೇರೆ. ಪುಡಿಯ ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಅಂತ ಮಾತ್ರ ಇದ್ದರೆ ಅದು ತಿನ್ನುವ ಪುಡಿ ಅಲ್ಲ. ‘ಎಡಿಬಲ್’ ಅಂತ, ಒಳಗೆ ಏನೇನಿದೆ ಅಂತ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ ಸಮೇತ ಬರೆದಿರಬೇಕು. ಮಕ್ಕಳು ಮೊದಲು ಕಿತ್ತು ಬಾಯಿಗೆ ಹಾಕಿಕೊಳ್ಳುವುದೇ ಹೊಳೆಯುವ ಭಾಗವನ್ನು, ದಯವಿಟ್ಟು ಇದರಲ್ಲಿ ಉಳಿತಾಯ ಬೇಡ. ಪುಡಿಯನ್ನು ನೀರಿನಲ್ಲಿ ಕಲೆಸಿದರೆ ಗಂಟಾಗಿ ಐಸಿಂಗನ್ನೂ ಕರಗಿಸುತ್ತದೆ. ಆಲ್ಕೋಹಾಲ್ ಆಧಾರದ ನಿಂಬೆ ಎಸೆನ್ಸ್ ನಾಲ್ಕು ಹನಿ ಹಾಕಿದರೆ ಬೇಗ ಆರುತ್ತದೆ. ವರಕಿಗೆ ಎಲೆಯ ಗುಳಿಯನ್ನಷ್ಟೇ ಒದ್ದೆ ಕುಂಚದಿಂದ ಮುಟ್ಟಿ, ಆಕಾರ ಕತ್ತರಿಸಿದ ಕಾಗದವನ್ನು ಸುತ್ತ ಹಿಡಿದು, ಉಸಿರು ಬಿಗಿಹಿಡಿದು ಇಳಿಸಬೇಕು. ಕಾಗದ ಇಲ್ಲದಿದ್ದರೆ ವನಸ್ಪತಿ ಸವರಿದ ಜಾಗಕ್ಕೆಲ್ಲ ಹತ್ತುತ್ತದೆ.

ಡಬ್ಬಿಯೂ ಮನೆಯದ್ದೇ. ರಟ್ಟಿನ ಮುಚ್ಚಳಕ್ಕೆ ಫೆವಿಕಾಲ್‌ನಲ್ಲಿ ನೆನೆದ ದಪ್ಪ ದಾರದಿಂದ ಬಳ್ಳಿ ಅಂಟಿಸಿ, ಎರಡು ತಾಸು ಒಣಗಿಸಿ, ಅಡುಗೆ ಫಾಯಿಲ್ ಹೊದಿಸಿ, ಇಯರ್‌ಬಡ್‌ನಿಂದ ದಾರದ ಬದಿಗಳನ್ನು ಒತ್ತಿದ್ದು. ಕಪ್ಪು ಅಕ್ರಿಲಿಕ್ ಬಣ್ಣ ಬರೀ ಫಾಯಿಲ್‌ಗೆ ಹಿಡಿಯದೆ ಸುಲಿದು ಬರುತ್ತದೆ, ಕಾಲು ಭಾಗ ಫೆವಿಕಾಲ್ ಬೆರೆಸಬೇಕು. ಬಳಿದು ಎರಡು ನಿಮಿಷಕ್ಕೆ ಬಟ್ಟೆಯಿಂದ ಒರೆಸಿದರೆ ಉಬ್ಬಿದ ದಾರ ಬೆಳ್ಳಿಯಾಗುತ್ತದೆ, ತಗ್ಗೆಲ್ಲ ಕಪ್ಪು. ಬಣ್ಣ ಹೊರಮೈಗೆ ಮಾತ್ರ, ಒಳಗೆ ಬಿಳಿ ಬಟರ್ ಪೇಪರ್.

ಈಗ ರಾತ್ರಿ ಹತ್ತೂವರೆ. ಕೇಕು ಎ.ಸಿ. ಕೋಣೆಯಲ್ಲಿ 24 ಡಿಗ್ರಿಗಿದೆ. ಫ್ರಿಜ್‌ನಲ್ಲಿಟ್ಟರೆ ತೆಗೆದ ತಕ್ಷಣ ಮೈಮೇಲೆ ನೀರಹನಿ ಕೂತು ಬೆಳ್ಳಿ ಇಳಿಯುತ್ತದೆ. ಹಿಂಬದಿಯ ಎರಡು ಬೂಟಿ ಇನ್ನೂ ಹಸಿಯಾಗಿವೆ, ಅವಕ್ಕೆ ಬೆಳ್ಳಿ ಬೆಳಗಿನ ನಾಲ್ಕಕ್ಕೆ. ಐದಕ್ಕೆ ಕಾರು ಹೊರಟರೆ ಬಿಸಿಲೇರುವ ಮೊದಲೇ ಹುಮನಾಬಾದ್ ದಾಟಬಹುದು. ಡಬ್ಬಿ ಸೀಟಿನ ಮೇಲೆ ಬೇಡ, ಸೀಟು ಓರೆ; ಕಾಲಿಡುವ ಜಾಗದಲ್ಲಿ, ಕೆಳಗೊಂದು ಮಡಿಸಿದ ಟವೆಲ್ ಹಾಕಿ.